ಒಂದೇ ಮನೆ, ಎರಡು ಕಂಪ್ಯೂಟರ್, 60 ಜಿಬಿ ಮದುವೆ ವಿಡಿಯೊ

ಮದುವೆ ಮುಗಿದು ಒಂದೆರಡು ತಿಂಗಳಿಗೆ ಸ್ಟುಡಿಯೊದವರು ಫೋಟೊ, ವಿಡಿಯೊ ಕೈಗೆ ಕೊಡುತ್ತಾರೆ. ಅರಿಶಿನದ ಶಾಸ್ತ್ರ, ಆರತಕ್ಷತೆ, ಡ್ರೋನ್ ಶಾಟು ಎಲ್ಲ ಸೇರಿ 60 ಜಿಬಿ ಆಯಿತು ಅಂತಿಟ್ಟುಕೊಳ್ಳಿ. ಹಾಲ್‌ನಲ್ಲಿರುವ ಹಳೇ ಡೆಸ್ಕ್‌ಟಾಪ್‌ಗೆ ಅದನ್ನು ಹಾಕಿಸಿಕೊಂಡಿದ್ದೀರಿ. ಈಗ ಮಹಡಿ ಮೇಲಿನ ಲ್ಯಾಪ್‌ಟಾಪ್‌ಗೂ ಬೇಕು. ಸಾಮಾನ್ಯವಾಗಿ ಎಲ್ಲರೂ ಮೊದಲು ಹುಡುಕುವುದು ಪೆನ್‌ಡ್ರೈವ್. 16 ಜಿಬಿಯದ್ದು ಸಿಕ್ಕರೆ ನಾಲ್ಕೈದು ಸಲ ಮೆಟ್ಟಿಲು ಹತ್ತಿ ಇಳಿಯಬೇಕು. ಅದರಲ್ಲೂ ಒಂದು ಫೈಲ್ ಹೋಗುವುದೇ ಇಲ್ಲ. ಪೆನ್‌ಡ್ರೈವ್ ಖಾಲಿ ಇದ್ದರೂ ಫೈಲ್ ದೊಡ್ಡದಾಯಿತು ಅನ್ನುತ್ತದೆ. ಪೆನ್‌ಡ್ರೈವ್ ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಆಗಿರುವುದೇ ಇದಕ್ಕೆ ಕಾರಣ. ಆ ಮಾದರಿಯಲ್ಲಿ 4 ಜಿಬಿಗಿಂತ ದೊಡ್ಡ ಒಂದೇ ಫೈಲ್‌ಗೆ ಜಾಗವಿಲ್ಲ.

ಇನ್ನು ಕೆಲವರು ಇಂಟರ್‌ನೆಟ್ ಮೂಲಕವೇ ಕಳಿಸಲು ನೋಡುತ್ತಾರೆ. ವಾಟ್ಸಾಪ್‌ನಲ್ಲಿ ಸುಮ್ನೆ ಕಳಿಸಿದರೆ ಫೋಟೊ ಕುಗ್ಗಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಫೈಲಿಗೆ 2 ಜಿಬಿಯ ಮಿತಿ. ಗೂಗಲ್ ಡ್ರೈವ್‌ನಲ್ಲಿ ಪುಕ್ಕಟೆ ಸಿಗುವುದು 15 ಜಿಬಿ. ದುಡ್ಡು ಕೊಟ್ಟು ಜಾಗ ತಗೊಂಡರೂ, 40 ಎಂಬಿಪಿಎಸ್ ಅಪ್‌ಲೋಡ್ ಇರುವ ಲೈನ್‌ನಲ್ಲಿ 60 ಜಿಬಿ ಮೇಲೆ ಹೋಗಲು ಮೂರು ಗಂಟೆಗಿಂತ ಜಾಸ್ತಿ ಬೇಕು. ಆಮೇಲೆ ಅದನ್ನೇ ಇನ್ನೊಂದು ಕಂಪ್ಯೂಟರ್‌ಗೆ ಮತ್ತೆ ಇಳಿಸಿಕೊಳ್ಳಬೇಕು. ನಮ್ಮ ದಾವಣಗೆರೆಯ ಪಿ.ಜೆ. ಬಡಾವಣೆಯಿಂದ ಇಲ್ಲೇ ಇರುವ ವಿದ್ಯಾನಗರಕ್ಕೆ ಹೊರಟವರು ಬೆಂಗಳೂರು ಸುತ್ತಿ ಬಂದ ಹಾಗೆ, ಅಲ್ವಾ?

ಮನೆಯಲ್ಲಿ ವೈಫೈ ಇದೆ ಅಂದರೆ ಈ ಯಾವುದೂ ಬೇಕಿಲ್ಲ. ವೈಫೈ ಡಬ್ಬಿ, ಅಂದರೆ ರೂಟರ್, ಎರಡು ಕೆಲಸ ಮಾಡುತ್ತದೆ. ಮನೆಯ ಕಂಪ್ಯೂಟರ್, ಫೋನ್, ಟಿವಿಗಳನ್ನೆಲ್ಲ ಒಂದಕ್ಕೊಂದು ಜೋಡಿಸುವುದು ಒಂದು ಕೆಲಸ. ಆ ಗುಂಪನ್ನು ಹೊರಗಿನ ಇಂಟರ್‌ನೆಟ್‌ಗೆ ಸೇರಿಸುವುದು ಇನ್ನೊಂದು. ನಾವು ತಿಂಗಳ ರೀಚಾರ್ಜ್ ಮಾಡಿಸುವುದು ಎರಡನೆಯದಕ್ಕೆ ಮಾತ್ರ. ಮೊದಲನೆಯದು ರೀಚಾರ್ಜ್ ಮುಗಿದರೂ ನಡೆಯುತ್ತದೆ, ಫೈಬರ್ ತಂತಿ ಕಟ್ಟಾದರೂ ನಡೆಯುತ್ತದೆ. ಹಾಲ್‌ನಿಂದ ಮಹಡಿಗೆ 60 ಜಿಬಿ ಹೋದರೆ ನಿಮ್ಮ ಡೇಟಾ ಲಿಮಿಟ್‌ನಲ್ಲಿ ಒಂದು ಎಂಬಿಯೂ ಕಳೆಯುವುದಿಲ್ಲ. ಫೈಲ್ ಮನೆ ಬಿಟ್ಟು ಹೋಗಿಯೇ ಇರುವುದಿಲ್ಲವಲ್ಲ.

ಮೊದಲು ನೋಡಬೇಕಾದದ್ದು: ಎರಡೂ ಒಂದೇ ನೆಟ್‌ವರ್ಕ್‌ನಲ್ಲಿವೆಯಾ?

ರೂಟರ್ ತನಗೆ ಸೇರಿದ ಪ್ರತಿ ಯಂತ್ರಕ್ಕೂ ಒಂದು ಐಪಿ ವಿಳಾಸ ಕೊಡುತ್ತದೆ. ಅದು ಹೆಚ್ಚಾಗಿ 192.168.1.5 ಅಥವಾ 192.168.0.12, ಈ ಥರ ಇರುತ್ತದೆ. 192.168 ಎಂದು ಶುರುವಾಗುವ ವಿಳಾಸಗಳು ಖಾಸಗಿ ಬಳಕೆಗೆ ಮೀಸಲು. 10 ಎಂದು ಶುರುವಾಗುವವು, 172.16ರಿಂದ 172.31ರವರೆಗಿನವು ಕೂಡ ಹಾಗೇ. 1996ರಲ್ಲಿ ಬಂದ ಆರ್‌ಎಫ್‌ಸಿ 1918 ಎಂಬ ದಾಖಲೆ ಇದನ್ನು ಗೊತ್ತು ಮಾಡಿತು. ಈ ವಿಳಾಸಗಳು ಮನೆಯ ಗೋಡೆ ದಾಟುವುದಿಲ್ಲ. ಹಾಗಾಗಿ ನಿಮ್ಮ ಮನೆಯಲ್ಲೂ ಪಕ್ಕದ ಮನೆಯಲ್ಲೂ 192.168.1.5 ಇದ್ದರೆ ಏನೂ ಗೊಂದಲವಿಲ್ಲ.

ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ, ನೆಟ್‌ವರ್ಕ್ ಭಾಗದಲ್ಲಿ ನಿಮ್ಮ ವೈಫೈ ಹೆಸರಿನ ಪ್ರಾಪರ್ಟೀಸ್ ತೆರೆದರೆ ಐಪಿವಿ4 ವಿಳಾಸ ಕಾಣುತ್ತದೆ. ಎರಡೂ ಕಂಪ್ಯೂಟರ್‌ನಲ್ಲಿ ನೋಡಿ. ಸಾಮಾನ್ಯವಾಗಿ ಮನೆಗಳಲ್ಲಿ ಚುಕ್ಕೆಗಳಿಂದ ಬೇರೆಯಾದ ನಾಲ್ಕು ಸಂಖ್ಯೆಗಳಲ್ಲಿ ಮೊದಲ ಮೂರು ಒಂದೇ ಇದ್ದು, ಕೊನೆಯದು ಮಾತ್ರ ಬೇರೆ ಇದ್ದರೆ ಎರಡೂ ಒಂದೇ ನೆಟ್‌ವರ್ಕ್‌ನಲ್ಲಿವೆ.

ಮೂರನೇ ಸಂಖ್ಯೆ ಬೇರೆ ಇದ್ದರೆ? ಹಳೇ ದಾವಣಗೆರೆಯ ಉದ್ದನೆಯ, ದಪ್ಪ ಗೋಡೆಯ ಮನೆಗಳಲ್ಲಿ ಇದು ಆಗುತ್ತದೆ. ಫೈಬರ್‌ನವರು ಕೊಟ್ಟ ಡಬ್ಬಿ ಬೀದಿ ಬಾಗಿಲ ಹತ್ತಿರ ಇರುತ್ತದೆ. ಒಳಗೆ ಸಿಗ್ನಲ್ ಬರಲಿಲ್ಲ ಅಂತ ಅಂಗಡಿಯಿಂದ ಇನ್ನೊಂದು ರೂಟರ್ ತಂದು ಹಿಂದಿನ ಕೋಣೆಗೋ ಮಹಡಿಗೋ ಹಾಕಿರುತ್ತಾರೆ. ಎರಡೂ ಡಬ್ಬಿ ಬೇರೆ ಬೇರೆ ನೆಟ್‌ವರ್ಕ್ ಮಾಡಿಕೊಂಡು ಕೂತಿರುತ್ತವೆ. ಇಂಟರ್‌ನೆಟ್ ಎರಡರಲ್ಲೂ ಚೆನ್ನಾಗಿ ಬರುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಮೊದಲ ಡಬ್ಬಿಗೆ ಸೇರಿದ ಕಂಪ್ಯೂಟರ್‌ಗೆ ಎರಡನೇ ಡಬ್ಬಿಯ ಹಿಂದಿರುವ ಕಂಪ್ಯೂಟರ್ ಸಿಗುವುದೇ ಇಲ್ಲ. ಎರಡನೇ ರೂಟರ್‌ನ ಸೆಟ್ಟಿಂಗ್‌ನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಅಂತ ಇದ್ದರೆ ಅದನ್ನು ಆನ್ ಮಾಡಿ. ಆಗ ಆ ಡಬ್ಬಿ ತಾನೇ ಯಜಮಾನಿಕೆ ಮಾಡುವುದನ್ನು ಬಿಟ್ಟು, ಸಿಗ್ನಲ್ ಹರಡುವ ಕೆಲಸವನ್ನಷ್ಟೇ ಮಾಡುತ್ತದೆ.

ಒಂದು ಕಂಪ್ಯೂಟರ್ ಗೆಸ್ಟ್ ವೈಫೈಗೆ ಸೇರಿದ್ದರೂ ಇದೇ ತಾಪತ್ರಯ. ಒಳಗಿನ ಯಂತ್ರಗಳು ಹೊರಗಿನವರಿಗೆ ಕಾಣಬಾರದು ಅಂತಲೇ ಗೆಸ್ಟ್ ವೈಫೈ ಇರುವುದು.

ವಿಂಡೋಸ್ ಶೇರಿಂಗ್: ಎಲ್ಲರೂ ಮುಗ್ಗರಿಸುವ ಜಾಗ

ಎರಡೂ ಒಂದೇ ನೆಟ್‌ವರ್ಕ್‌ನಲ್ಲಿದ್ದರೆ ಡೆಸ್ಕ್‌ಟಾಪ್‌ನ ಫೋಲ್ಡರನ್ನು ಶೇರ್ ಮಾಡಿ ಲ್ಯಾಪ್‌ಟಾಪ್‌ನಿಂದಲೇ ತೆರೆಯಬಹುದು. ಫೋಲ್ಡರ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಶೇರಿಂಗ್, ಶೇರ್. ಇಷ್ಟೇ ಅನ್ನುವ ವಿಡಿಯೊಗಳು ಯೂಟ್ಯೂಬ್ ತುಂಬ ಇವೆ. ಹೋಮ್‌ಗ್ರೂಪ್ ಮಾಡಿ ಅಂತ ಹೇಳುವ ಹಳೇ ವಿಡಿಯೊಗಳನ್ನು ಬಿಟ್ಟುಬಿಡಿ. ಅದನ್ನು ಮೈಕ್ರೋಸಾಫ್ಟ್ 2018ರಲ್ಲಿ ವಿಂಡೋಸ್ 10ರಿಂದ ತೆಗೆದುಹಾಕಿತು. ಉಳಿದ ವಿಡಿಯೊಗಳು ಹೇಳುವುದು ತಪ್ಪಲ್ಲ, ಆದರೆ ಎರಡು ವಿಷಯ ಬಿಟ್ಟುಬಿಡುತ್ತವೆ. ಹತ್ತರಲ್ಲಿ ಎಂಟು ಮನೆಯಲ್ಲಿ ಶೇರಿಂಗ್ ನಿಲ್ಲುವುದು ಅಲ್ಲೇ ಅಂತ ನನ್ನ ಅಂದಾಜು.

ಒಂದು, ನೆಟ್‌ವರ್ಕ್ ಪ್ರೊಫೈಲ್. ಹೊಸ ವೈಫೈಗೆ ಸೇರಿದಾಗ ವಿಂಡೋಸ್ 11 ಅದನ್ನು ಪಬ್ಲಿಕ್ ಅಂತಲೇ ಇಟ್ಟುಕೊಳ್ಳುತ್ತದೆ. ಪಬ್ಲಿಕ್ ಅಂದರೆ ಬಸ್ ಸ್ಟ್ಯಾಂಡ್‌ನ ವೈಫೈ ಇದ್ದ ಹಾಗೆ, ಯಾರ ಕಣ್ಣಿಗೂ ಬೀಳಬಾರದು ಅನ್ನೋ ಲೆಕ್ಕ. ಮನೆಯ ವೈಫೈನ ಪ್ರಾಪರ್ಟೀಸ್‌ನಲ್ಲಿ ಪ್ರೈವೇಟ್ ಆರಿಸಿ. ಆಮೇಲೆ ಅಡ್ವಾನ್ಸ್‌ಡ್ ಶೇರಿಂಗ್ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಡಿಸ್ಕವರಿ, ಫೈಲ್ ಅಂಡ್ ಪ್ರಿಂಟರ್ ಶೇರಿಂಗ್ ಎರಡನ್ನೂ ಆನ್ ಮಾಡಿ. ಎರಡೂ ಕಂಪ್ಯೂಟರ್‌ನಲ್ಲಿ ಇಷ್ಟು ಆಗಬೇಕು.

ಇನ್ನೊಂದು, ಪಾಸ್‌ವರ್ಡ್. ಲ್ಯಾಪ್‌ಟಾಪ್‌ನಿಂದ ಡೆಸ್ಕ್‌ಟಾಪ್‌ನ ಫೋಲ್ಡರ್ ತೆರೆಯಲು ಹೋದರೆ ಹೆಸರು, ಪಾಸ್‌ವರ್ಡ್ ಕೇಳುತ್ತದೆ. ಜನ ದಿನಾ ಹಾಕುವ ನಾಲ್ಕಂಕಿಯ ಪಿನ್ ಹಾಕುತ್ತಾರೆ. ತಪ್ಪು ಅನ್ನುತ್ತದೆ. ಮತ್ತೆ ಹಾಕುತ್ತಾರೆ, ಮತ್ತೆ ತಪ್ಪು. ಪಿನ್ ಕೆಲಸ ಮಾಡುವುದು ಆ ಕಂಪ್ಯೂಟರ್ ಮುಂದೆ ಕೂತಾಗ ಮಾತ್ರ, ನೆಟ್‌ವರ್ಕ್ ಮೂಲಕ ಬಂದವರಿಗೆ ಅಲ್ಲ. ಇಲ್ಲಿ ಬೇಕಿರುವುದು ಫೋಲ್ಡರ್ ಇರುವ ಕಂಪ್ಯೂಟರ್‌ನ ಖಾತೆಯ ನಿಜವಾದ ಪಾಸ್‌ವರ್ಡ್. ಮೈಕ್ರೋಸಾಫ್ಟ್ ಖಾತೆಯಾದರೆ ಇಮೇಲ್ ವಿಳಾಸ ಮತ್ತು ಅದರ ಪಾಸ್‌ವರ್ಡ್. ಇನ್ನು ಹಳೇ ಡೆಸ್ಕ್‌ಟಾಪ್‌ಗೆ ಪಾಸ್‌ವರ್ಡೇ ಇಟ್ಟಿಲ್ಲ ಅನ್ನುವವರಿಗೆ ಇನ್ನೂ ಕಷ್ಟ. ಖಾಲಿ ಪಾಸ್‌ವರ್ಡ್ ಇರುವ ಖಾತೆಯನ್ನು ನೆಟ್‌ವರ್ಕ್ ಮೂಲಕ ವಿಂಡೋಸ್ ಒಳಗೇ ಬಿಡುವುದಿಲ್ಲ.

ಇದಕ್ಕೆ ನಾನು ಹೇಳುವ ದಾರಿ ಒಂದೇ. ಫೋಲ್ಡರ್ ಇರುವ ಕಂಪ್ಯೂಟರ್‌ನಲ್ಲಿ ಶೇರಿಂಗ್‌ಗೆ ಅಂತಲೇ ಒಂದು ಹೊಸ ಲೋಕಲ್ ಖಾತೆ, ಅಂದರೆ ಆ ಕಂಪ್ಯೂಟರ್‌ಗೆ ಮಾತ್ರ ಸೇರಿದ ಖಾತೆ, ಮಾಡಿ. ಹೆಸರು ಏನಾದರೂ ಇರಲಿ, ಗಟ್ಟಿ ಪಾಸ್‌ವರ್ಡ್ ಇಡಿ. ಫೋಲ್ಡರ್‌ನ ಶೇರಿಂಗ್‌ನಲ್ಲಿ ಆ ಖಾತೆಗೆ ಮಾತ್ರ ಅನುಮತಿ ಕೊಡಿ. ಹೀಗೆ ಮಾಡಿದರೆ ನಿಮ್ಮ ಇಮೇಲ್ ಪಾಸ್‌ವರ್ಡನ್ನು ಮನೆಯವರಿಗೆಲ್ಲ ಹೇಳುವ ಪ್ರಮೇಯ ಬರುವುದಿಲ್ಲ. ಪಾಸ್‌ವರ್ಡ್ ಕೇಳುವುದನ್ನೇ ಆಫ್ ಮಾಡಿ ಅಂತ ಹೇಳುವವರೂ ಇದ್ದಾರೆ. ಅವರ ಮಾತು ಕೇಳಬೇಡಿ.

ಇಷ್ಟಾದ ಮೇಲೂ ನೆಟ್‌ವರ್ಕ್ ಕಿಟಕಿಯಲ್ಲಿ ಇನ್ನೊಂದು ಕಂಪ್ಯೂಟರ್‌ನ ಹೆಸರು ಕಾಣದೆ ಹೋಗಬಹುದು. ಆ ಪಟ್ಟಿಯನ್ನು ನಂಬಿ ಕೂರಬೇಡಿ. ಫೈಲ್ ಎಕ್ಸ್‌ಪ್ಲೋರರ್‌ನ ವಿಳಾಸದ ಪಟ್ಟಿಯಲ್ಲಿ ಎರಡು ಹಿಂದೋರೆ ಗೀಟು ಹಾಕಿ ಐಪಿ ವಿಳಾಸ ಬರೆಯಿರಿ, ಹೀಗೆ: \\192.168.1.5. ಎಂಟರ್ ಒತ್ತಿದರೆ ನೇರವಾಗಿ ಆ ಕಂಪ್ಯೂಟರ್‌ನ ಬಾಗಿಲಿಗೇ ಹೋಗುತ್ತೀರಿ. ಪಟ್ಟಿಯಲ್ಲಿ ಹೆಸರು ಕಾಣುವುದು ಬೇರೆ, ಫೋಲ್ಡರ್ ತೆರೆಯುವುದು ಬೇರೆ. ಮೊದಲನೆಯದು ಕೈಕೊಟ್ಟರೂ ಎರಡನೆಯದು ಕೆಲಸ ಮಾಡುತ್ತಿರಬಹುದು.

ಒಂದು ಎಚ್ಚರಿಕೆ. ಕರೆಂಟ್ ಹೋಗಿ ಬಂದಾಗ ರೂಟರ್ ಹೊಸದಾಗಿ ಶುರುವಾಗುತ್ತದೆ. ಆಗ ನಿನ್ನೆ 5 ಇದ್ದ ವಿಳಾಸ ಇವತ್ತು 8 ಆಗಬಹುದು. ಬೇಸಿಗೆಯಲ್ಲಿ ನಮ್ಮ ಕಡೆ ಕರೆಂಟ್ ಎಷ್ಟು ಸಲ ಹೋಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ರೂಟರ್‌ನ ಸೆಟ್ಟಿಂಗ್‌ನಲ್ಲಿ ಡಿಎಚ್‌ಸಿಪಿ ರಿಸರ್ವೇಶನ್ ಅಂತ ಇರುತ್ತದೆ. ಅಲ್ಲಿ ಡೆಸ್ಕ್‌ಟಾಪ್‌ಗೆ ಒಂದು ವಿಳಾಸ ಕಾಯಂ ಮಾಡಿಬಿಟ್ಟರೆ ಈ ರಗಳೆ ಇರುವುದಿಲ್ಲ.

ವಿಂಡೋಸ್ ಈ ಕೆಲಸಕ್ಕೆ ಬಳಸುವ ಭಾಷೆಯ ಹೆಸರು ಎಸ್‌ಎಂಬಿ. 1980ರ ದಶಕದಲ್ಲಿ ಐಬಿಎಂನ ಬ್ಯಾರಿ ಫೈಗೆನ್‌ಬಾಮ್ ರೂಪಿಸಿದ್ದು. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ 1992ರಲ್ಲಿ ಇದನ್ನೇ ಯೂನಿಕ್ಸ್ ಯಂತ್ರಗಳಿಗೂ ಕಲಿಸಿದರು. ಅದೇ ಸಾಂಬಾ ಎಂಬ ತಂತ್ರಾಂಶ. ಅದರಿಂದಾಗಿ ಯೂನಿಕ್ಸ್ ಜಾತಿಯದೇ ಆದ ಲಿನಕ್ಸ್ ಕಂಪ್ಯೂಟರ್ ಕೂಡ ವಿಂಡೋಸ್‌ನ ಫೋಲ್ಡರ್ ತೆರೆಯುತ್ತದೆ. ಮ್ಯಾಕ್‌ಗೂ ಈ ಭಾಷೆ ಬರುತ್ತದೆ. ಫೋನಿನಲ್ಲಿ ವಿಡಿಯೊ ನೋಡುವ ವಿಎಲ್‌ಸಿ ಆ್ಯಪ್‌ಗೂ ಬರುತ್ತದೆ. ಹಾಗಾಗಿ ಒಂದು ಸಲ ಶೇರಿಂಗ್ ಸರಿಹೋದರೆ ಮದುವೆ ವಿಡಿಯೊವನ್ನು ಕಾಪಿಯೇ ಮಾಡದೆ, ಡೆಸ್ಕ್‌ಟಾಪ್‌ನಲ್ಲಿ ಇದ್ದಲ್ಲಿಂದಲೇ ಫೋನಿನಲ್ಲಿ ನೋಡಬಹುದು.

ಸ್ಪೀಡ್ ಯಾಕೆ ಬರಲ್ಲ?

"ಅಣ್ಣ, ನೆಟ್ ಫುಲ್ ಸ್ಪೀಡ್ ಐತಿ, ಕಾಪಿ ಮಾತ್ರ ಯಾಕ್ ಇಷ್ಟು ಸ್ಲೋ?" ಇದು ಎಲ್ಲರೂ ಕೇಳುವ ಪ್ರಶ್ನೆ. ನೆಟ್ ಸ್ಪೀಡ್‌ಗೂ ಇದಕ್ಕೂ ಸಂಬಂಧವಿಲ್ಲ ಅಂತ ಆಗಲೇ ನೋಡಿದೆವು. ಇಲ್ಲಿ ಲೆಕ್ಕಕ್ಕೆ ಬರುವುದು ಮನೆಯೊಳಗಿನ ದಾರಿ. ಆ ದಾರಿಯಲ್ಲಿ ಎಲ್ಲಕ್ಕಿಂತ ಕಿರಿದಾದ ಜಾಗ ಯಾವುದೋ, ಇಡೀ ಕಾಪಿಯ ವೇಗ ಅಷ್ಟೇ.

ಮೊದಲು ಒಂದು ಲೆಕ್ಕ. ಇಂಟರ್‌ನೆಟ್‌ನವರು, ರೂಟರ್‌ನವರು ಹೇಳುವ ಎಂಬಿಪಿಎಸ್ ಅಂದರೆ ಸೆಕೆಂಡಿಗೆ ಇಷ್ಟು ಮೆಗಾಬಿಟ್. ಕಾಪಿ ಮಾಡುವಾಗ ವಿಂಡೋಸ್ ತೋರಿಸುವುದು ಮೆಗಾಬೈಟ್. ಎಂಟು ಬಿಟ್‌ಗೆ ಒಂದು ಬೈಟ್. ಡಬ್ಬಿಯ ಮೇಲೆ 100 ಅಂತ ಇದ್ದರೆ ಕಾಪಿಯಲ್ಲಿ ಹೆಚ್ಚೆಂದರೆ 12.5 ಕಾಣಬೇಕು. ನಿಜಕ್ಕೂ ಸಿಗುವುದು 11ರ ಆಸುಪಾಸು.

ಆ 11 ಎಂಬ ಸಂಖ್ಯೆ ನೆನಪಿಟ್ಟುಕೊಳ್ಳಿ. ಎರಡು ಕಂಪ್ಯೂಟರ್‌ಗೂ ಕೇಬಲ್ ಹಾಕಿದ್ದು, ಕಾಪಿ ಸೆಕೆಂಡಿಗೆ 11 ಎಂಬಿಗೆ ಅಂಟಿಕೊಂಡು ನಿಂತರೆ, ದಾರಿಯಲ್ಲಿ ಎಲ್ಲೋ 100 ಎಂಬಿಪಿಎಸ್‌ನ ಕೊಂಡಿ ಇದೆ ಅಂತಲೇ ಅರ್ಥ. ಅದು ರೂಟರ್‌ನ ಪೋರ್ಟ್ ಇರಬಹುದು. ಕಡಿಮೆ ಬೆಲೆಯ ರೂಟರ್‌ಗಳಲ್ಲಿ ಈಗಲೂ 10/100 ಪೋರ್ಟ್ ಬರುತ್ತದೆ. ಮನೆಗೆ 100 ಎಂಬಿಪಿಎಸ್ ಪ್ಲಾನ್ ಇರುವವರಿಗೆ ಇಂಟರ್‌ನೆಟ್‌ನಲ್ಲಿ ಇದರ ವ್ಯತ್ಯಾಸ ಕಾಣುವುದೇ ಇಲ್ಲ, ಫೈಲ್ ಕಾಪಿ ಮಾಡುವಾಗಲೇ ಗೊತ್ತಾಗುವುದು. ಅಥವಾ ಅದು ಕೇಬಲ್ ಕೂಡ ಇರಬಹುದು. ನೆಟ್‌ವರ್ಕ್ ಕೇಬಲ್‌ನೊಳಗೆ ಎಂಟು ತಂತಿಗಳಿವೆ, ನಾಲ್ಕು ಜೋಡಿ. 100 ಎಂಬಿಪಿಎಸ್‌ಗೆ ಎರಡು ಜೋಡಿ ಸಾಕು. ಗಿಗಾಬಿಟ್‌ಗೆ, ಅಂದರೆ 1000 ಎಂಬಿಪಿಎಸ್‌ಗೆ, ಎಂಟೂ ತಂತಿ ಸರಿಯಾಗಿ ಕೂರಬೇಕು. ಕ್ರಿಂಪಿಂಗ್ ಮಾಡುವಾಗ, ಅಂದರೆ ಕೇಬಲ್ ತುದಿಗೆ ಕನೆಕ್ಟರ್ ಕೂರಿಸುವಾಗ, ಒಂದು ತಂತಿ ಸಡಿಲ ಬಿದ್ದರೂ ಸಾಕು, ಎರಡೂ ಕಡೆಯ ಯಂತ್ರಗಳು ಸದ್ದಿಲ್ಲದೆ 100ಕ್ಕೆ ಇಳಿದುಬಿಡಬಹುದು. ಯಾವ ಎಚ್ಚರಿಕೆಯೂ ಬರುವುದಿಲ್ಲ. ಈಥರ್‌ನೆಟ್ ಪ್ರಾಪರ್ಟೀಸ್‌ನಲ್ಲಿ ಲಿಂಕ್ ಸ್ಪೀಡ್ ನೋಡಿ. 1000 ಅಂತಿದ್ದರೆ ಸರಿ. 100 ಅಂತಿದ್ದರೆ ಮೊದಲು ಕೇಬಲ್ ಬದಲಿಸಿ ನೋಡಿ, ಅದೇ ಅಗ್ಗದ ಪರೀಕ್ಷೆ. ಕ್ಯಾಟ್ 5ಇ ಅಥವಾ ಕ್ಯಾಟ್ 6 ಅಂತ ಬರೆದಿರುವ ಕೇಬಲ್ 100 ಮೀಟರ್ ದೂರದವರೆಗೂ ಗಿಗಾಬಿಟ್ ಎಳೆಯುತ್ತದೆ. ಎಂಥ ದೊಡ್ಡ ಮನೆಗೂ ಅಷ್ಟು ಸಾಕು.

ಗಿಗಾಬಿಟ್ ಸರಿಯಾಗಿ ಸಿಕ್ಕರೆ ಸೆಕೆಂಡಿಗೆ 110 ಎಂಬಿಯ ಸುತ್ತಮುತ್ತ ಓಡುತ್ತದೆ. ನಮ್ಮ 60 ಜಿಬಿ ಒಂಬತ್ತು ಹತ್ತು ನಿಮಿಷದಲ್ಲಿ ಮುಗಿಯುತ್ತದೆ. 100 ಎಂಬಿಪಿಎಸ್‌ನಲ್ಲಾದರೆ ಒಂದೂವರೆ ಗಂಟೆ.

ವೈಫೈ ಕಥೆ ಬೇರೆ. 2.4 ಗಿಗಾಹರ್ಟ್ಸ್ ಸಿಗ್ನಲ್ ಗೋಡೆ ದಾಟಿ ದೂರ ಹೋಗುತ್ತದೆ, ಆದರೆ ವೇಗ ಕಡಿಮೆ. ಅದರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6, 11. ಕೆ.ಟಿ.ಜೆ. ನಗರದಂಥ ಒತ್ತಾದ ಬೀದಿಯಲ್ಲಿ ಅಕ್ಕಪಕ್ಕದ ಹತ್ತು ಮನೆಯ ವೈಫೈ ಈ ಮೂರರಲ್ಲೇ ನುಗ್ಗಾಡಬೇಕು. ಸೆಕೆಂಡಿಗೆ 5 ಎಂಬಿ ಸಿಕ್ಕರೆ ಅದೇ ಪುಣ್ಯ. 5 ಗಿಗಾಹರ್ಟ್ಸ್ ಇದಕ್ಕಿಂತ ಎಷ್ಟೋ ಪಾಲು ವೇಗ, ಆದರೆ ಒಂದೆರಡು ಗೋಡೆ ದಾಟುವಷ್ಟರಲ್ಲಿ ಸುಸ್ತಾಗುತ್ತದೆ. ರೂಟರ್ ಇರುವ ಕೋಣೆಗೇ ಲ್ಯಾಪ್‌ಟಾಪ್ ಒಯ್ದು ಕಾಪಿ ಹಾಕುವುದು ಮುಜುಗರದ ಕೆಲಸವೇನಲ್ಲ, ಎಲ್ಲಕ್ಕಿಂತ ಸುಲಭದ ಉಪಾಯ.

ಎರಡೂ ಕಂಪ್ಯೂಟರ್ ವೈಫೈನಲ್ಲಿದ್ದರೆ ಇನ್ನೊಂದು ಹೊಡೆತ. ಫೈಲ್ ಒಂದರಿಂದ ಇನ್ನೊಂದಕ್ಕೆ ನೇರ ಹೋಗುವುದಿಲ್ಲ. ಮೊದಲು ರೂಟರ್‌ಗೆ, ಅಲ್ಲಿಂದ ಇನ್ನೊಂದಕ್ಕೆ. ಎರಡೂ ಒಂದೇ ಚಾನೆಲ್‌ನಲ್ಲಿ ಮಾತಾಡುವುದರಿಂದ ಅದೇ ಗಾಳಿಯಲ್ಲಿ ಎರಡು ಸಲ ಹಾಯಬೇಕು. ವೇಗ ಅರ್ಧಕ್ಕೆ ಬರುತ್ತದೆ. ಒಂದಕ್ಕಾದರೂ ಕೇಬಲ್ ಹಾಕಿದರೆ ಈ ನಷ್ಟ ಇಲ್ಲ. ಡೆಸ್ಕ್‌ಟಾಪ್ ಹೇಗೂ ಇದ್ದಲ್ಲೇ ಇರುತ್ತದೆ, ಅದಕ್ಕೆ ಹಾಕಿ.

ವಿಡಿಯೊ ಬೇಗ ಹೋಯಿತು, ಫೋಟೊ ಫೋಲ್ಡರ್ ಮಾತ್ರ ತೆವಳುತ್ತಿದೆ ಅಂದರೆ ಗಾಬರಿ ಬೇಡ. ಪ್ರತಿ ಫೈಲ್‌ಗೂ ತೆರೆ, ಅನುಮತಿ ಕೇಳು, ಬರೆ, ಮುಚ್ಚು ಅನ್ನುವ ಮಾತುಕತೆ ಎರಡೂ ಕಂಪ್ಯೂಟರ್ ನಡುವೆ ನಡೆಯಬೇಕು. ದೊಡ್ಡ ಫೈಲ್‌ಗೆ ಅದು ಒಂದೇ ಸಲ. ಇಪ್ಪತ್ತು ಸಾವಿರ ಸಣ್ಣ ಫೋಟೊಗೆ ಇಪ್ಪತ್ತು ಸಾವಿರ ಸಲ. ಕುಗ್ಗಿಸುವ ಗೊಡವೆಗೆ ಹೋಗದೆ ಎಲ್ಲವನ್ನೂ ಒಂದೇ ಜಿಪ್ ಫೈಲ್ ಮಾಡಿ ಕಳಿಸಿದರೆ ಬೇಗ ಆಗುತ್ತದೆ.

ಒಂದೇ ಸಲದ ಕೆಲಸಕ್ಕೆ ಇಷ್ಟೆಲ್ಲ ಬೇಕಾ?

ಬೇಡ. ದಿನಾ ಬಳಸುವ ಫೋಲ್ಡರ್‌ಗೆ ಶೇರಿಂಗ್ ಒಳ್ಳೆಯದು. ಒಂದೆರಡು ಸಲಕ್ಕೆ ಲೋಕಲ್‌ಸೆಂಡ್ ಎಂಬ ಪುಕ್ಕಟೆ, ಮುಕ್ತ ತಂತ್ರಾಂಶ ಸಾಕು. ವಿಂಡೋಸ್, ಲಿನಕ್ಸ್, ಮ್ಯಾಕ್, ಆಂಡ್ರಾಯ್ಡ್, ಐಫೋನ್ ಎಲ್ಲದರಲ್ಲೂ ಸಿಗುತ್ತದೆ. ಎರಡೂ ಕಡೆ ತೆರೆದಿಟ್ಟರೆ ಒಂದಕ್ಕೊಂದು ಕಾಣುತ್ತವೆ, ಫೈಲ್ ಆರಿಸಿ ಕಳಿಸಿದರೆ ಆಯಿತು. ಖಾತೆ ಬೇಡ, ಇಂಟರ್‌ನೆಟ್ ಬೇಡ. ಹಿಂದೆ ಎಲ್ಲರ ಫೋನಿನಲ್ಲೂ ಇದ್ದ ಶೇರ್‌ಇಟ್, ಕ್ಸೆಂಡರ್ ಎರಡನ್ನೂ 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿತು. ಅವುಗಳ ಜಾಗವನ್ನು ಇದು ಚೆನ್ನಾಗಿಯೇ ತುಂಬುತ್ತದೆ. ಆಂಡ್ರಾಯ್ಡ್ ಫೋನಿನಿಂದ ವಿಂಡೋಸ್‌ಗೆ ಕಳಿಸಲು ಗೂಗಲ್‌ನ ಕ್ವಿಕ್ ಶೇರ್ ಕೂಡ ಇದೆ.

ರೂಟರ್ ಇಲ್ಲದೆಯೂ ಆಗುತ್ತದೆ. ಎರಡು ಕಂಪ್ಯೂಟರ್ ನಡುವೆ ನೇರವಾಗಿ ಒಂದು ನೆಟ್‌ವರ್ಕ್ ಕೇಬಲ್ ಚುಚ್ಚಿ. ಹಿಂದೆ ಇದಕ್ಕೆ ಕ್ರಾಸ್‌ಓವರ್ ಎಂಬ ಬೇರೆ ಕೇಬಲ್ ಬೇಕಿತ್ತು. ಗಿಗಾಬಿಟ್ ಪೋರ್ಟ್ ಇರುವ ಕಂಪ್ಯೂಟರ್‌ಗಳು ತಂತಿಯನ್ನು ತಾವೇ ಅರಿತು ಹೊಂದಿಸಿಕೊಳ್ಳುತ್ತವೆ. ವಿಳಾಸ ಕೊಡುವ ರೂಟರ್ ಇಲ್ಲದ್ದರಿಂದ ಎರಡೂ ತಾವೇ 169.254 ಎಂದು ಶುರುವಾಗುವ ವಿಳಾಸ ಹಾಕಿಕೊಳ್ಳುತ್ತವೆ. ಬೇರೆ ಸಂದರ್ಭದಲ್ಲಿ ಈ ಅಂಕಿ ಕಂಡರೆ ಏನೋ ಕೆಟ್ಟಿದೆ ಅಂತ ಅರ್ಥ, ಇಲ್ಲಿ ಮಾತ್ರ ಅದು ಸರಿ. ವಿಂಡೋಸ್ ಈ ಕೊಂಡಿಯನ್ನು ಮತ್ತೆ ಪಬ್ಲಿಕ್ ಅಂದುಕೊಳ್ಳಬಹುದು, ಅದನ್ನೊಮ್ಮೆ ನೋಡಿಕೊಳ್ಳಿ.

ಎರಡೂ ಲ್ಯಾಪ್‌ಟಾಪ್ ಆದರೆ ಈ ದಾರಿಗೆ ಇನ್ನೊಂದು ಲಾಭವಿದೆ. ಕರೆಂಟ್ ಹೋದರೆ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುತ್ತದೆ. ರೂಟರ್ ಸಾಯುತ್ತದೆ, ಅದರ ಜೊತೆ ಅರ್ಧ ಆಗಿದ್ದ ಕಾಪಿಯೂ ಸಾಯುತ್ತದೆ. ನೇರ ಕೇಬಲ್ ಇದ್ದರೆ ಕತ್ತಲಲ್ಲೂ ಕೆಲಸ ನಿಲ್ಲುವುದಿಲ್ಲ.

ಇದೇ ಕಾರಣಕ್ಕೆ ನೆಟ್‌ವರ್ಕ್ ಮೇಲೆ ಕಟ್ ಮಾಡಿ ಪೇಸ್ಟ್ ಮಾಡಬೇಡಿ. ನಡುವೆ ನಿಂತರೆ ಅರ್ಧ ಫೈಲ್‌ಗಳು ಅಲ್ಲಿ, ಅರ್ಧ ಇಲ್ಲಿ. ಕಾಪಿ ಮಾಡಿ, ಎರಡೂ ಕಡೆ ಫೋಲ್ಡರ್‌ನ ಗಾತ್ರ ಮತ್ತು ಫೈಲ್‌ಗಳ ಸಂಖ್ಯೆ ಒಂದೇ ಇದೆಯಾ ನೋಡಿ, ಒಂದೆರಡು ವಿಡಿಯೊ ತೆರೆದು ನೋಡಿ. ಹಳೆಯದನ್ನು ಅಳಿಸುವುದು ಆಮೇಲೆ.

ಬಾಡಿಗೆಯವರ ಫೋನೂ ನಿಮ್ಮ ನೆಟ್‌ವರ್ಕ್‌ನಲ್ಲಿದೆ

ನಮ್ಮೂರಲ್ಲಿ ಮಾಲೀಕರ ವೈಫೈ ಪಾಸ್‌ವರ್ಡ್ ಮೇಲಿನ ಬಾಡಿಗೆಯವರಿಗೂ ಗೊತ್ತಿರುತ್ತದೆ. ಪಕ್ಕದ ಮನೆ ಹುಡುಗನಿಗೂ ಪರೀಕ್ಷೆ ಟೈಮಲ್ಲಿ ಕೊಟ್ಟಿರುತ್ತಾರೆ. ಅದೇನು ತಪ್ಪಲ್ಲ. ಆದರೆ ಫೋಲ್ಡರ್ ಶೇರ್ ಮಾಡಿದ ದಿನದಿಂದ ಅವರ ಫೋನ್, ಲ್ಯಾಪ್‌ಟಾಪ್‌ಗಳಿಗೂ ನಿಮ್ಮ ಕಂಪ್ಯೂಟರ್ ಕಾಣುತ್ತದೆ. ಎವರಿವನ್ ಅಂತ ಆರಿಸಿ, ಪಾಸ್‌ವರ್ಡ್ ಆಫ್ ಮಾಡಿದ್ದರೆ ಮದುವೆ ಫೋಟೊ ಅವರ ಮನೆಗೂ ತೆರೆದಿಟ್ಟಂತೆ. ಅವರಿಗೆ ಗೆಸ್ಟ್ ವೈಫೈ ಮಾಡಿಕೊಡಿ. ಇಂಟರ್‌ನೆಟ್ ಸಿಗುತ್ತದೆ, ನಿಮ್ಮ ಫೋಲ್ಡರ್ ಸಿಗುವುದಿಲ್ಲ. ಇಡೀ ಸಿ ಡ್ರೈವ್ ಶೇರ್ ಮಾಡುವುದು ಯಾವ ಕಾಲಕ್ಕೂ ಬೇಡ, ಬೇಕಾದ ಒಂದು ಫೋಲ್ಡರ್ ಸಾಕು.

ಇನ್ನು ಎಸ್‌ಎಂಬಿ 1, ಅಂದರೆ ಎಸ್‌ಎಂಬಿಯ ಹಳೇ ಆವೃತ್ತಿ. ಹಳೇ ರೂಟರ್‌ಗೆ ಚುಚ್ಚಿದ ಹಾರ್ಡ್‌ಡಿಸ್ಕ್ ಹೊಸ ಕಂಪ್ಯೂಟರ್‌ನಲ್ಲಿ ತೆರೆಯದಿದ್ದರೆ, ವಿಂಡೋಸ್ ಫೀಚರ್ಸ್‌ಗೆ ಹೋಗಿ ಇದನ್ನು ಆನ್ ಮಾಡಿ ಅಂತ ಸಲಹೆ ಕೊಡುವವರಿದ್ದಾರೆ. 2017ರ ಮೇನಲ್ಲಿ ವನ್ನಾಕ್ರೈ ಎಂಬ ವೈರಸ್ ಜಗತ್ತಿನಾದ್ಯಂತ ಕಂಪ್ಯೂಟರ್‌ಗಳ ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳಿತಲ್ಲ, ಅದು ಒಂದು ಯಂತ್ರದಿಂದ ಇನ್ನೊಂದಕ್ಕೆ ಹರಡಿದ್ದು ಈ ಹಳೇ ಎಸ್‌ಎಂಬಿಯಲ್ಲಿದ್ದ ದೋಷದ ಮೂಲಕವೇ. ದೋಷ ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಅದೇ ಮಾರ್ಚ್‌ನಲ್ಲೇ ಕೊಟ್ಟಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಆ ವರ್ಷದ ಕೊನೆಯಿಂದ ಹೊಸ ವಿಂಡೋಸ್‌ಗಳಲ್ಲಿ ಎಸ್‌ಎಂಬಿ 1 ತಾನಾಗಿ ಬರುವುದನ್ನೇ ನಿಲ್ಲಿಸಿದರು. ಅದನ್ನು ಕೈಯಾರೆ ಮತ್ತೆ ಎಬ್ಬಿಸುವ ಬದಲು ಆ ಹಾರ್ಡ್‌ಡಿಸ್ಕನ್ನು ರೂಟರ್‌ನಿಂದ ಕಿತ್ತು ಡೆಸ್ಕ್‌ಟಾಪ್‌ಗೆ ಚುಚ್ಚಿ, ಅಲ್ಲಿಂದ ಶೇರ್ ಮಾಡಿ. ಹಾಗೇ, ಊರಿಂದಾಚೆ ಹೋದಾಗಲೂ ಮನೆಯ ಫೋಲ್ಡರ್ ಸಿಗಲಿ ಅಂತ ರೂಟರ್‌ನಲ್ಲಿ ಎಸ್‌ಎಂಬಿ ಬಳಸುವ 445ನೇ ಪೋರ್ಟನ್ನು, ಅಂದರೆ ಆ ಸಂಖ್ಯೆಯ ಬಾಗಿಲನ್ನು, ಹೊರಗೆ ತೆರೆಯಲು ಯಾರಾದರೂ ಹೇಳಿದರೆ ಬೇಡ ಅನ್ನಿ. ಆ ಪೋರ್ಟ್ ಎಲ್ಲಿ ತೆರೆದಿದೆ ಅಂತ ಹುಡುಕುವ ಪ್ರೋಗ್ರಾಮ್‌ಗಳು ಇಂಟರ್‌ನೆಟ್‌ನಲ್ಲಿ ಹಗಲು ರಾತ್ರಿ ಓಡುತ್ತಿರುತ್ತವೆ.